ಜಾನ್ ಸರ್ವೇ ಸ್ಟಾಸ್

ಜಾನ್ ಸರ್ವೇ ಸ್ಟಾಸ್ (ಆಗಸ್ಟ್ 21, 1813 – ಡಿಸೆಂಬರ್ 13, 1891) ಬೆಲ್ಜಿಯಂ ದೇಶದ ರಸಾಯನವಿಜ್ಞಾನಿ. ಮೃತದೇಹದ ಅಂಗಾಂಶಗಳಿಂದ ಸಸ್ಯಜನ್ಯ ವಿಷವನ್ನು ಕೆಡದಂತೆ ಬೇರ್ಪಡಿಸಿ ಗುರುತಿಸುವ ವಿಧಾನವನ್ನು 1850-51ರಲ್ಲಿ ರೂಪಿಸಿದವರು ಇವರು. ಜರ್ಮನಿಯ ಫ್ರೀಡ್ರಿಷ್ ಯೂಲಿಯಸ್ ಒಟ್ಟೊ ಮುಂದೆ ಪರಿಷ್ಕರಿಸಿದ ಈ ವಿಧಾನವು ಸ್ಟಾಸ್-ಒಟ್ಟೊ ವಿಧಾನ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಮೂಲಧಾತುಗಳ ಪರಮಾಣು ತೂಕವನ್ನು ಅವರ ಕಾಲದಲ್ಲಿ ಬೇರಾರೂ ಸಾಧಿಸದಷ್ಟು ನಿಖರವಾಗಿ ಅಳೆದುದು ಸ್ಟಾಸ್ ಅವರ ಇನ್ನೊಂದು ಮುಖ್ಯ ಸಾಧನೆ. ಇಂದು ರಕ್ತ, ಯಕೃತ್ತು, ಕೂದಲು ಮೊದಲಾದ ಜೈವಿಕ ಮಾದರಿಗಳಲ್ಲಿರುವ ಔಷಧ ಮತ್ತು ವಿಷಗಳನ್ನು ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಉಪಕರಣದಿಂದ ಪತ್ತೆಹಚ್ಚಲಾಗುತ್ತದೆ. ಆ ಪರೀಕ್ಷೆಯ ಮೊದಲ ಹಂತವಾದ ಬೇರ್ಪಡಿಸುವಿಕೆಗೆ ಸ್ಟಾಸ್ ಅವರ ವಿಧಾನವೇ ಆಧಾರವಾಗಿದೆ.

## ಬಾಲ್ಯ ಮತ್ತು ಶಿಕ್ಷಣ

ಸ್ಟಾಸ್ ಅವರು ಲೂವೆನ್ ನಗರದಲ್ಲಿ ಜನಿಸಿದರು. ಆಗ ಆ ಪ್ರದೇಶವು ನೆಪೋಲಿಯನ್ನನ ಫ್ರೆಂಚ್ ಸಾಮ್ರಾಜ್ಯಕ್ಕೆ ಸೇರಿತ್ತು. ಅಲ್ಲಿಯೇ ವೈದ್ಯಕೀಯ ಶಿಕ್ಷಣ ಪಡೆದು 1835ರಲ್ಲಿ ಪದವೀಧರರಾದರೂ ವೈದ್ಯವೃತ್ತಿಯನ್ನು ಕೈಗೊಳ್ಳಲಿಲ್ಲ. ಅವರ ಆಸಕ್ತಿ ರಸಾಯನಶಾಸ್ತ್ರದ ಕಡೆಗೆ ತಿರುಗಿತ್ತು. ಲೋರಾಂ ಗಿಯೋಮ್ ದ ಕೊನಿಂಕ್ ಅವರೊಡನೆ ಸೇರಿ ಸೇಬಿನ ಮರದ ಬೇರಿನ ತೊಗಟೆಯಿಂದ ಫ್ಲೋರಿಜಿನ್ ಎಂಬ ಪದಾರ್ಥವನ್ನು ಬೇರ್ಪಡಿಸಿದರು. ಈ ಪದಾರ್ಥವು ಮೂತ್ರದ ಮೂಲಕ ಸಕ್ಕರೆ ಹೊರಹೋಗುವಂತೆ ಮಾಡುತ್ತದೆ ಎಂಬುದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ತಿಳಿಯಿತು. ಇಂದು ಮಧುಮೇಹಕ್ಕೆ ಬಳಸುವ ಡಾಪಾಗ್ಲಿಫ್ಲೋಜಿನ್ ಮೊದಲಾದ ಔಷಧಗಳ ಮೂಲ ಮಾದರಿ ಈ ಫ್ಲೋರಿಜಿನ್. ಒಂದು ತೊಗಟೆಯಲ್ಲಿ ಬೆರೆತಿರುವ ನೂರಾರು ಪದಾರ್ಥಗಳಿಂದ ಬೇಕಾದ ಒಂದನ್ನು ಮಾತ್ರ ಕೆಡದಂತೆ ಹೊರತೆಗೆಯುವ ಕೌಶಲವು ಸ್ಟಾಸ್ ಅವರಿಗೆ ಈ ಆರಂಭದ ಕೆಲಸದಿಂದಲೇ ಒದಗಿತು.

1837ರಲ್ಲಿ ಪ್ಯಾರಿಸ್‌ಗೆ ತೆರಳಿ, ಆ ಕಾಲದ ಪ್ರಮುಖ ರಸಾಯನವಿಜ್ಞಾನಿ ಜಾನ್ ಬಾಪ್ಟಿಸ್ಟ್ ಡ್ಯೂಮಾ ಅವರ ಪ್ರಯೋಗಾಲಯವನ್ನು ಸೇರಿದರು. ವಜ್ರ ಮತ್ತು ಗ್ರಾಫೈಟನ್ನು ಶುದ್ಧ ಆಮ್ಲಜನಕದಲ್ಲಿ ಉರಿಸಿ, ಉತ್ಪನ್ನವಾದ ಇಂಗಾಲದ ಡೈಆಕ್ಸೈಡನ್ನು ತೂಗುವ ಮೂಲಕ ಇಬ್ಬರೂ ಇಂಗಾಲದ ಪರಮಾಣು ತೂಕವನ್ನು ನಿರ್ಧರಿಸಿದರು. ಆಮ್ಲಜನಕದ ತೂಕವನ್ನು 16 ಎಂದಿಟ್ಟುಕೊಂಡರೆ, ಬರ್ಜೀಲಿಯಸ್ ಅವರ ಲೆಕ್ಕದಂತೆ ಇಂಗಾಲದ ತೂಕ ಸುಮಾರು 12.2 ಆಗಿತ್ತು. ಹೊಸ ಪ್ರಯೋಗವು ಅದನ್ನು 12ಕ್ಕೆ ತಿದ್ದಿತು. 1840ರಲ್ಲಿ ಸ್ಟಾಸ್ ಅವರು ಬ್ರಸೆಲ್ಸ್‌ನ ರಾಯಲ್ ಸೈನಿಕ ಶಾಲೆಯಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿ ನೇಮಕಗೊಂಡರು.

## ಅಂದಿನ ವಿಷಶಾಸ್ತ್ರದ ಸ್ಥಿತಿ

ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ವಿಷಪ್ರಾಶನದ ಮೊಕದ್ದಮೆಗಳಲ್ಲಿ ರಸಾಯನವಿಜ್ಞಾನಿಗಳು ಪತ್ತೆಹಚ್ಚಬಲ್ಲವರಾಗಿದ್ದುದು ಮುಖ್ಯವಾಗಿ ಖನಿಜ ವಿಷಗಳನ್ನು. 1836ರಲ್ಲಿ ಇಂಗ್ಲೆಂಡಿನ ಜೇಮ್ಸ್ ಮಾರ್ಷ್ ಪ್ರಕಟಿಸಿದ ಪರೀಕ್ಷೆಯು ಪಾಷಾಣವನ್ನು ಅತ್ಯಲ್ಪ ಪ್ರಮಾಣದಲ್ಲಿಯೂ ತೋರಿಸಿಕೊಡುತ್ತಿತ್ತು. ಪಾಷಾಣದ ಮುಖ್ಯ ಅಂಶವಾದ ಆರ್ಸೆನಿಕ್ ಒಂದು ಮೂಲಧಾತು. ಅಂಗಾಂಶವನ್ನು ಆಮ್ಲದಲ್ಲಿ ಕುದಿಸಿದರೂ ಸುಟ್ಟು ಕರಿಮಾಡಿದರೂ ಅದು ನಾಶವಾಗುವುದಿಲ್ಲ. ಆದ್ದರಿಂದ ಅಂಗಾಂಶವನ್ನು ಸಂಪೂರ್ಣವಾಗಿ ನಾಶಮಾಡಿ ಉಳಿದುದರಲ್ಲಿ ವಿಷವನ್ನು ಹುಡುಕುವುದೇ ರೂಢಿಯ ಕ್ರಮವಾಗಿತ್ತು.

ಸಸ್ಯಜನ್ಯ ವಿಷಗಳ ವಿಷಯದಲ್ಲಿ ಈ ಕ್ರಮ ಪ್ರಯೋಜನಕ್ಕೆ ಬರುತ್ತಿರಲಿಲ್ಲ. ಅಫೀಮಿನ ಮಾರ್ಫಿನ್, ಕಾಸರಕದ ಬೀಜದ ಸ್ಟ್ರಿಕ್ನಿನ್, ಉಮ್ಮತ್ತಿಯ ಅಟ್ರೋಪಿನ್, ಹೊಗೆಸೊಪ್ಪಿನ ನಿಕೋಟಿನ್ ಮೊದಲಾದವು ಆಲ್ಕಲಾಯ್ಡ್‌ಗಳು ಎಂಬ ವರ್ಗಕ್ಕೆ ಸೇರುತ್ತವೆ. ಇಂಗಾಲ, ಜಲಜನಕ, ಸಾರಜನಕಗಳಿಂದಾದ ಇವು ಅಂಗಾಂಶದಂತೆಯೇ ಸಾವಯವ ಪದಾರ್ಥಗಳು. ಅಂಗಾಂಶವನ್ನು ಸುಟ್ಟರೆ ಅದರೊಡನೆ ಇವೂ ನಾಶವಾಗುತ್ತವೆ. ಶುದ್ಧ ರೂಪದಲ್ಲಿ ಇವುಗಳನ್ನು ಗುರುತಿಸುವ ಪರೀಕ್ಷೆಗಳು ತಿಳಿದಿದ್ದರೂ ಮೃತದೇಹದಿಂದ ಇವನ್ನು ಹೊರತೆಗೆಯುವ ದಾರಿ ಇರಲಿಲ್ಲ. ಆಧುನಿಕ ವಿಷಶಾಸ್ತ್ರದ ಸ್ಥಾಪಕರೆನಿಸಿದ ಮ್ಯಾಥ್ಯೂ ಓರ್ಫಿಲಾ ಅವರಿಗೂ ಇದು ಬಗೆಹರಿಯದ ಸಮಸ್ಯೆಯಾಗಿತ್ತು. ಹೀಗಾಗಿ ಸಸ್ಯವಿಷವನ್ನು ಬಳಸಿದ ಅಪರಾಧಿಯ ವಿರುದ್ಧ ರಾಸಾಯನಿಕ ಸಾಕ್ಷ್ಯ ದೊರೆಯುವ ಸಂಭವವೇ ಕಡಿಮೆಯಾಗಿತ್ತು.

## ಬೊಕಾರ್ಮೆ ಪ್ರಕರಣ

1850ರ ನವೆಂಬರ್ 20ರಂದು ಬೆಲ್ಜಿಯಂನ ಏನೋ ಪ್ರಾಂತದ ಬ್ಯೂರಿ ಗ್ರಾಮದಲ್ಲಿರುವ ಬಿತ್ರೆಮಾಂ ಕೋಟೆಮನೆಯಲ್ಲಿ ಗುಸ್ತಾವ್ ಫುನ್ಯಿ ಎಂಬಾತ ಊಟದ ಸಮಯದಲ್ಲಿ ಹಠಾತ್ತನೆ ಮೃತನಾದನು. ಆತ ಮನೆಯ ಒಡೆಯನಾದ ಕೌಂಟ್ ಇಪ್ಪೊಲೀತ್ ವಿಸಾರ್ ದ ಬೊಕಾರ್ಮೆಯ ಪತ್ನಿ ಲಿಡಿಯಳ ಸಹೋದರ. ಒಂದು ಕಾಲನ್ನು ಕಳೆದುಕೊಂಡು ಊರುಗೋಲಿನ ಆಸರೆಯಲ್ಲಿ ನಡೆಯುತ್ತಿದ್ದ ಗುಸ್ತಾವನಿಗೆ ತಂದೆಯ ಆಸ್ತಿ ಬಂದಿತ್ತು. ಆತ ಅವಿವಾಹಿತನಾಗಿ ತೀರಿಕೊಂಡರೆ ಆ ಆಸ್ತಿ ಸಹೋದರಿಗೆ ಸೇರುತ್ತಿತ್ತು. ಕೌಂಟನು ಸಾಲದಲ್ಲಿ ಮುಳುಗಿದ್ದನು. ಗುಸ್ತಾವನ ಮದುವೆಯ ಮಾತುಕತೆ ಆಗಲೇ ನಡೆದಿತ್ತು.

ಸಾವಿನ ನಂತರ ಮನೆಯಲ್ಲಿ ನಡೆದ ಕೆಲಸಗಳು ಸಂಶಯಕ್ಕೆ ಎಡೆಮಾಡಿದವು. ಶವದ ಮೇಲೆ ವಿನೆಗರ್ ಸುರಿಯಲಾಗಿತ್ತು. ಮೃತನ ಬಟ್ಟೆಗಳನ್ನು ಒಗೆದು, ಊಟದ ಕೋಣೆಯ ನೆಲವನ್ನು ಉಜ್ಜಿ ತೊಳೆಯಲಾಗಿತ್ತು. ಬಾಯಿಯ ಸುತ್ತಲಿನ ಸುಟ್ಟ ಗಾಯಗಳನ್ನು ಕಂಡ ವೈದ್ಯರು ಮೊದಲು ಸಲ್ಫ್ಯೂರಿಕ್ ಆಮ್ಲವನ್ನು ಶಂಕಿಸಿದರು. ತನಿಖಾ ನ್ಯಾಯಾಧೀಶರು ಮೃತನ ಅಂಗಗಳನ್ನು ಆಲ್ಕೋಹಾಲಿನಲ್ಲಿ ಸಂರಕ್ಷಿಸಿ, ಬ್ರಸೆಲ್ಸ್‌ನಲ್ಲಿದ್ದ ಸ್ಟಾಸ್ ಅವರಿಗೆ ಪರೀಕ್ಷೆಗಾಗಿ ಒಪ್ಪಿಸಿದರು. ಆಗ ಸ್ಟಾಸ್ ಅವರಿಗೆ 37 ವರ್ಷ.

ಅಂಗಾಂಶವನ್ನು ಸುಡುವ ಹಳೆಯ ಕ್ರಮವನ್ನು ಸ್ಟಾಸ್ ಅವರು ಕೈಬಿಟ್ಟರು. ವಿಷವನ್ನು ಅಂಗಾಂಶದಿಂದ ಕರಗಿಸಿ ಹೊರತಂದು, ಒಂದು ದ್ರಾವಕದಿಂದ ಮತ್ತೊಂದಕ್ಕೆ ವರ್ಗಾಯಿಸುತ್ತ ಹಂತಹಂತವಾಗಿ ಶುದ್ಧಗೊಳಿಸಿದರು. ಕೊನೆಗೆ ಈಥರ್ ಆವಿಯಾದ ಮೇಲೆ ತೀಕ್ಷ್ಣ ವಾಸನೆಯ ಎಣ್ಣೆಯಂತಹ ದ್ರವ ಉಳಿಯಿತು. ಹಲವು ರಾಸಾಯನಿಕ ಪರೀಕ್ಷೆಗಳ ನಂತರ ಅದು ನಿಕೋಟಿನ್ ಎಂದು ಖಚಿತವಾಯಿತು. ಶುದ್ಧ ನಿಕೋಟಿನ್ ಜೀವಿಯ ದೇಹದ ಮೇಲೆ ಉಂಟುಮಾಡುವ ಪರಿಣಾಮಗಳನ್ನು ತಿಳಿಯಲು ನಾಯಿಗಳ ಮೇಲೂ ಪ್ರಯೋಗ ನಡೆಸಿದರು.

ಇತ್ತ ತನಿಖೆಯಿಂದ ಕೌಂಟನು ಹೇರಳವಾಗಿ ಹೊಗೆಸೊಪ್ಪನ್ನು ಸಂಗ್ರಹಿಸಿದ್ದನೆಂದೂ, ಹುಸಿ ಹೆಸರಿನಲ್ಲಿ ರಸಾಯನಶಾಸ್ತ್ರದ ಅಧ್ಯಾಪಕರೊಬ್ಬರನ್ನು ಕಂಡು ನಿಕೋಟಿನ್ ತೆಗೆಯುವ ವಿಧಾನವನ್ನು ಕಲಿತಿದ್ದನೆಂದೂ ತಿಳಿದುಬಂದಿತು. ಗಾಯಗಳನ್ನೂ ವಾಸನೆಯನ್ನೂ ಮರೆಮಾಚಲು ಬಳಸಿದ ವಿನೆಗರ್ ಅವನಿಗೇ ಪ್ರತಿಕೂಲವಾಯಿತು. ನಿಕೋಟಿನ್ ಸುಲಭವಾಗಿ ಆವಿಯಾಗುವ ಪದಾರ್ಥ. ಆಮ್ಲದೊಡನೆ ಸೇರಿದಾಗ ಅದು ಲವಣವಾಗಿ ಸ್ಥಿರಗೊಂಡು ಅಂಗಾಂಶದಲ್ಲಿಯೇ ಉಳಿಯುತ್ತದೆ. ಅಂಗಗಳನ್ನು ಇರಿಸಿದ್ದ ಆಲ್ಕೋಹಾಲು ಅವು ಕೊಳೆಯದಂತೆ ಕಾಪಾಡಿತ್ತು.

1851ರ ಮೇ ತಿಂಗಳ ಕೊನೆಯಲ್ಲಿ ಮಾನ್ಸ್ ನಗರದಲ್ಲಿ ವಿಚಾರಣೆ ಆರಂಭವಾಯಿತು. ದಂಪತಿಗಳು ಒಬ್ಬರ ಮೇಲೊಬ್ಬರು ಆರೋಪ ಹೊರಿಸಿದರು. ನಿಕೋಟಿನ್ ತಯಾರಿಸಿದ್ದನ್ನು ಒಪ್ಪಿಕೊಂಡ ಕೌಂಟನು, ಪತ್ನಿಯು ಅದನ್ನು ದ್ರಾಕ್ಷಾರಸವೆಂದು ತಪ್ಪಾಗಿ ತಿಳಿದು ಬಡಿಸಿದಳೆಂದು ವಾದಿಸಿದನು. ನ್ಯಾಯದರ್ಶಿ ಮಂಡಲಿಯು ಕೌಂಟನನ್ನು ತಪ್ಪಿತಸ್ಥನೆಂದು ಘೋಷಿಸಿ, ಪತ್ನಿಯನ್ನು ಬಿಡುಗಡೆ ಮಾಡಿತು. ಜುಲೈ 19, 1851ರಂದು ಮಾನ್ಸ್‌ನಲ್ಲಿ ಗಿಲೊಟಿನ್ ಯಂತ್ರದಿಂದ ಕೌಂಟನಿಗೆ ಮರಣದಂಡನೆ ವಿಧಿಸಲಾಯಿತು.

ಮೃತದೇಹದಿಂದ ಸಸ್ಯಜನ್ಯ ವಿಷವನ್ನು ಬೇರ್ಪಡಿಸಿ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಮಂಡಿಸಿದ ಮೊದಲ ಪ್ರಕರಣವೆಂದು ಇದನ್ನು ಪರಿಗಣಿಸಲಾಗುತ್ತದೆ. ರಾಸಾಯನಿಕ ಸಾಕ್ಷ್ಯದ ಮಿತಿಯನ್ನೂ ಇದೇ ಪ್ರಕರಣ ತೋರಿಸಿತು. ಗುಸ್ತಾವನ ದೇಹದಲ್ಲಿದ್ದ ವಿಷ ಯಾವುದೆಂಬುದನ್ನು ಸ್ಟಾಸ್ ಅವರ ಪರೀಕ್ಷೆ ಸ್ಥಾಪಿಸಿತು. ಅದನ್ನು ಯಾರ ಕೈ ಕುಡಿಸಿತು ಎಂಬ ಪ್ರಶ್ನೆಗೆ ಉತ್ತರವನ್ನು ಇತರ ಸಾಕ್ಷ್ಯಗಳಿಂದಲೇ ಪಡೆಯಬೇಕಾಯಿತು.

## ಸ್ಟಾಸ್-ಒಟ್ಟೊ ವಿಧಾನ

ಆಲ್ಕಲಾಯ್ಡ್‌ಗಳಿಗೆ ಸಾಮಾನ್ಯವಾಗಿರುವ ಒಂದು ಗುಣವನ್ನು ಈ ವಿಧಾನ ಬಳಸಿಕೊಳ್ಳುತ್ತದೆ. ಆಮ್ಲದೊಡನೆ ಸೇರಿದಾಗ ಅವು ಲವಣಗಳಾಗಿ ನೀರು ಮತ್ತು ಆಲ್ಕೋಹಾಲಿನಲ್ಲಿ ಕರಗುತ್ತವೆ, ಈಥರ್‌ನಲ್ಲಿ ಕರಗುವುದಿಲ್ಲ. ಕ್ಷಾರವನ್ನು ಸೇರಿಸಿದಾಗ ಲವಣ ಒಡೆದು ಸ್ವತಂತ್ರ ರೂಪಕ್ಕೆ ಬರುತ್ತವೆ ಮತ್ತು ಈಥರ್‌ನಂತಹ ಸಾವಯವ ದ್ರಾವಕದಲ್ಲಿ ಕರಗುತ್ತವೆ. ವಿಧಾನದ ಮುಖ್ಯ ಹಂತಗಳು ಹೀಗಿವೆ:

1. ಸಣ್ಣಗೆ ಕತ್ತರಿಸಿದ ಅಂಗಾಂಶವನ್ನು ಟಾರ್ಟಾರಿಕ್ ಅಥವಾ ಆಕ್ಸಾಲಿಕ್ ಆಮ್ಲ ಬೆರೆಸಿದ ಆಲ್ಕೋಹಾಲಿನಲ್ಲಿ ಹದವಾಗಿ ಬಿಸಿಮಾಡುವುದು. ಆಗ ವಿಷವು ಲವಣರೂಪದಲ್ಲಿ ಆಲ್ಕೋಹಾಲಿಗೆ ಬರುತ್ತದೆ, ಪ್ರೋಟೀನುಗಳು ಹೆಪ್ಪುಗಟ್ಟುತ್ತವೆ.
2. ದ್ರಾವಣವನ್ನು ಸೋಸಿ, ಕಡಿಮೆ ಉಷ್ಣತೆಯಲ್ಲಿ ಆಲ್ಕೋಹಾಲನ್ನು ಆವಿಮಾಡಿ, ಮೇಲೆ ತೇಲುವ ಕೊಬ್ಬನ್ನು ತೆಗೆಯುವುದು.
3. ಉಳಿಕೆಯನ್ನು ಮತ್ತೆ ಶುದ್ಧ ಆಲ್ಕೋಹಾಲಿನಲ್ಲಿ ಕರಗಿಸಿ ಸೋಸಿ, ಆಲ್ಕೋಹಾಲನ್ನು ಆವಿಮಾಡಿದ ನಂತರ ನೀರಿನಲ್ಲಿ ಕರಗಿಸುವುದು.
4. ನೀರಿನ ದ್ರಾವಣಕ್ಕೆ ಕ್ಷಾರವನ್ನು ಸೇರಿಸಿ ಈಥರ್‌ನೊಡನೆ ಚೆನ್ನಾಗಿ ಕುಲುಕುವುದು. ಆಲ್ಕಲಾಯ್ಡ್ ಈಥರ್ ಪದರಕ್ಕೆ ಹೋಗುತ್ತದೆ. ಅಂಗಾಂಶದ ಇತರ ಅಂಶಗಳಲ್ಲಿ ಹೆಚ್ಚಿನವು ನೀರಿನಲ್ಲಿಯೇ ಉಳಿಯುತ್ತವೆ.
5. ಈಥರನ್ನು ಬೇರ್ಪಡಿಸಿ ಆವಿಯಾಗಲು ಬಿಟ್ಟು, ಉಳಿದ ಪದಾರ್ಥವನ್ನು ಪರೀಕ್ಷಿಸುವುದು.

1856ರಲ್ಲಿ ಬ್ರೌನ್‌ಶ್ವೈಗ್‌ನ ಒಟ್ಟೊ ಅವರು ಇದಕ್ಕೆ ಇನ್ನೊಂದು ಹಂತವನ್ನು ಸೇರಿಸಿದರು. ಕ್ಷಾರವನ್ನು ಹಾಕುವ ಮೊದಲೇ, ಆಮ್ಲೀಯವಾಗಿರುವ ದ್ರಾವಣವನ್ನು ಈಥರ್‌ನಿಂದ ಒಮ್ಮೆ ತೊಳೆದರೆ ಕೊಬ್ಬು ಮತ್ತು ಬಣ್ಣದ ಪದಾರ್ಥಗಳು ಹೊರಹೋಗುತ್ತವೆ. ಇದರಿಂದ ಕೊನೆಯಲ್ಲಿ ದೊರೆಯುವ ಆಲ್ಕಲಾಯ್ಡ್ ಇನ್ನಷ್ಟು ಶುದ್ಧವಾಗಿರುತ್ತದೆ. ನಿಕೋಟಿನ್‌ಗಾಗಿ ರೂಪುಗೊಂಡ ಈ ಕ್ರಮವು ಸ್ಟ್ರಿಕ್ನಿನ್, ಅಟ್ರೋಪಿನ್ ಮೊದಲಾದ ಇತರ ಆಲ್ಕಲಾಯ್ಡ್‌ಗಳಿಗೂ ಸಣ್ಣಪುಟ್ಟ ಬದಲಾವಣೆಗಳೊಂದಿಗೆ ಅನ್ವಯವಾಯಿತು.

## ಪರಮಾಣು ತೂಕಗಳ ಸಂಶೋಧನೆ

ಎಲ್ಲ ಮೂಲಧಾತುಗಳ ಪರಮಾಣು ತೂಕವೂ ಜಲಜನಕದ ತೂಕದ ಪೂರ್ಣಾಂಕ ಗುಣಕವಾಗಿದೆ ಎಂಬ ಊಹೆಯನ್ನು ಇಂಗ್ಲೆಂಡಿನ ವಿಲಿಯಂ ಪ್ರೌಟ್ 1815ರಲ್ಲಿ ಮುಂದಿಟ್ಟಿದ್ದರು. ಇಂಗಾಲದ ತೂಕ ಸರಿಯಾಗಿ 12 ಎಂದು ಕಂಡಿದ್ದ ಸ್ಟಾಸ್ ಅವರು ಆರಂಭದಲ್ಲಿ ಈ ಊಹೆಯ ಪರವಾಗಿದ್ದರು. ಅದನ್ನು ದೃಢಪಡಿಸುವ ಉದ್ದೇಶದಿಂದ ಬೆಳ್ಳಿ, ಕ್ಲೋರಿನ್, ಬ್ರೋಮಿನ್, ಅಯೋಡಿನ್, ಪೊಟ್ಯಾಸಿಯಂ, ಸೋಡಿಯಂ, ಸಾರಜನಕ, ಗಂಧಕ, ಸೀಸ ಮೊದಲಾದವುಗಳ ತೂಕವನ್ನು ಅಳೆಯಲು ವರ್ಷಗಟ್ಟಲೆ ಶ್ರಮಿಸಿದರು. ಪ್ರಯೋಗಕ್ಕೆ ಬಳಸುವ ಬೆಳ್ಳಿಯನ್ನು ಹಲವು ಬಗೆಯಲ್ಲಿ ಶುದ್ಧಗೊಳಿಸಿದರು. ದೊಡ್ಡ ಪ್ರಮಾಣದ ಪದಾರ್ಥಗಳನ್ನು ತೆಗೆದುಕೊಂಡು ತೂಕದ ದೋಷವನ್ನು ಕುಗ್ಗಿಸಿದರು.

1860 ಮತ್ತು 1865ರಲ್ಲಿ ಪ್ರಕಟವಾದ ಫಲಿತಾಂಶಗಳು ಪ್ರೌಟ್ ಅವರ ಊಹೆಗೆ ವಿರುದ್ಧವಾಗಿದ್ದವು. ಕ್ಲೋರಿನ್ನಿನ ತೂಕ 35.46ರಷ್ಟು, ಬೆಳ್ಳಿಯದು 107.93ರಷ್ಟು ಬಂದಿತು. ತಾವು ಒಪ್ಪಿದ್ದ ಊಹೆಯನ್ನು ತಮ್ಮ ತಕ್ಕಡಿಯೇ ಅಲ್ಲಗಳೆದಾಗ ಸ್ಟಾಸ್ ಅವರು ಅಂಕಿಗಳ ಪರವಾಗಿ ನಿಂತು ಊಹೆಯನ್ನು ಕೈಬಿಟ್ಟರು. ಆಮ್ಲಜನಕದ ತೂಕವನ್ನು 16 ಎಂದು ಇಟ್ಟುಕೊಂಡು ಇತರ ತೂಕಗಳನ್ನು ಲೆಕ್ಕಹಾಕುವ ಪದ್ಧತಿಗೂ ಅವರ ಕೆಲಸದಿಂದ ಬಲ ಬಂದಿತು. ಅವರ ಅಂಕಿಗಳು ಸುಮಾರು ನಾಲ್ಕು ದಶಕಗಳ ಕಾಲ ಪ್ರಮಾಣವಾಗಿ ಉಳಿದವು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಥಿಯೊಡೋರ್ ರಿಚರ್ಡ್ಸ್ ಅವುಗಳಲ್ಲಿ ಸಣ್ಣ ದೋಷಗಳಿರುವುದನ್ನು ತೋರಿಸಿ, ಬೆಳ್ಳಿಯ ತೂಕವನ್ನು 107.88ಕ್ಕೆ ತಿದ್ದಿದರು.

ಕ್ಲೋರಿನ್ನಿನ ತೂಕ ಪೂರ್ಣಾಂಕವಾಗಿರದ ಕಾರಣ ಸ್ಟಾಸ್ ಅವರ ಜೀವಿತಾವಧಿಯಲ್ಲಿ ತಿಳಿಯಲಿಲ್ಲ. 1919ರಲ್ಲಿ ಕೇಂಬ್ರಿಡ್ಜ್‌ನ ಫ್ರಾನ್ಸಿಸ್ ಆಸ್ಟನ್ ಅವರು, ವಿದ್ಯುದಾವಿಷ್ಟ ಕಣಗಳನ್ನು ವಿದ್ಯುತ್ ಮತ್ತು ಕಾಂತಕ್ಷೇತ್ರಗಳ ಮೂಲಕ ಹಾಯಿಸಿ ದ್ರವ್ಯರಾಶಿಗೆ ಅನುಗುಣವಾಗಿ ವಿಂಗಡಿಸುವ ಉಪಕರಣವನ್ನು ನಿರ್ಮಿಸಿದರು. ಸ್ವಾಭಾವಿಕ ಕ್ಲೋರಿನ್ 35 ಮತ್ತು 37 ದ್ರವ್ಯರಾಶಿಯ ಎರಡು ಐಸೊಟೋಪುಗಳ ಮಿಶ್ರಣ ಎಂಬುದನ್ನು ಈ ಉಪಕರಣ ತೋರಿಸಿತು. ಸ್ಟಾಸ್ ಅವರು ತೂಗಿದ್ದು ಅವುಗಳ ಸರಾಸರಿಯನ್ನು. ಆಸ್ಟನ್ ಅವರಿಗೆ 1922ರ ನೊಬೆಲ್ ಪ್ರಶಸ್ತಿ ದೊರೆಯಿತು. ಅವರ ಉಪಕರಣದಿಂದ ಬೆಳೆದುಬಂದ ಮಾಸ್ ಸ್ಪೆಕ್ಟ್ರೋಮೀಟರ್ ಮುಂದೆ ಸ್ಟಾಸ್ ಅವರ ಇನ್ನೊಂದು ಕ್ಷೇತ್ರವಾದ ವಿಷಶಾಸ್ತ್ರವನ್ನೂ ಪ್ರವೇಶಿಸಿತು.

## ನಂತರದ ಜೀವನ

ಗಂಟಲಿನ ಕಾಯಿಲೆಯಿಂದ ಪಾಠ ಹೇಳುವುದು ಕಷ್ಟವಾದ್ದರಿಂದ 1869ರಲ್ಲಿ ಸ್ಟಾಸ್ ಅವರು ಪ್ರಾಧ್ಯಾಪಕ ಹುದ್ದೆಯಿಂದ ನಿವೃತ್ತರಾದರು. ಅನಂತರ ಟಂಕಸಾಲೆಯ ಆಯುಕ್ತರಾಗಿದ್ದರು. ಸರ್ಕಾರದ ನಾಣ್ಯನೀತಿಯನ್ನು ಒಪ್ಪದೆ 1872ರಲ್ಲಿ ಆ ಹುದ್ದೆಗೆ ರಾಜೀನಾಮೆ ನೀಡಿದರು. ಅಂತಾರಾಷ್ಟ್ರೀಯ ಮೀಟರ್ ಮತ್ತು ಕಿಲೋಗ್ರಾಂ ಮಾದರಿಗಳಿಗೆ ಬೇಕಾದ ಪ್ಲಾಟಿನಂ-ಇರಿಡಿಯಂ ಮಿಶ್ರಲೋಹದ ಪರೀಕ್ಷೆಯಲ್ಲಿ ಅವರು ಪಾಲ್ಗೊಂಡಿದ್ದರು. ಶಿಕ್ಷಣದಲ್ಲಿ ಚರ್ಚಿನ ಪ್ರಭಾವವನ್ನು ಬಹಿರಂಗವಾಗಿ ಟೀಕಿಸುತ್ತಿದ್ದರು. ಲಂಡನ್ನಿನ ರಾಯಲ್ ಸೊಸೈಟಿಯು 1885ರಲ್ಲಿ ಅವರಿಗೆ ಡೇವಿ ಪದಕವನ್ನು ನೀಡಿತು. 1891ರ ಡಿಸೆಂಬರ್ 13ರಂದು ಬ್ರಸೆಲ್ಸ್‌ನಲ್ಲಿ ನಿಧನರಾದರು.

## ಆಧುನಿಕ ಪರೀಕ್ಷೆಗಳಲ್ಲಿ ಸ್ಟಾಸ್ ಅವರ ವಿಧಾನ

ಸ್ಟಾಸ್ ಅವರು ಬೇರ್ಪಡಿಸಿದ ದ್ರವವನ್ನು ಬಣ್ಣ, ವಾಸನೆ, ರುಚಿ ಮತ್ತು ರಾಸಾಯನಿಕ ಕ್ರಿಯೆಗಳಿಂದ ಗುರುತಿಸಬೇಕಾಗಿತ್ತು. ಇಂದು ಅದೇ ಕೆಲಸವನ್ನು ಕ್ರೊಮಾಟೋಗ್ರಫಿ ಮತ್ತು ಮಾಸ್ ಸ್ಪೆಕ್ಟ್ರೋಮೀಟರ್‌ಗಳ ಜೋಡಣೆ ನಿರ್ವಹಿಸುತ್ತದೆ. ಕ್ರೊಮಾಟೋಗ್ರಫಿಯು ಮಿಶ್ರಣದ ಅಂಶಗಳನ್ನು ಒಂದಾದ ಮೇಲೊಂದರಂತೆ ಹೊರಬಿಡುತ್ತದೆ. ಮಾಸ್ ಸ್ಪೆಕ್ಟ್ರೋಮೀಟರ್ ಪ್ರತಿಯೊಂದು ಅಂಶದ ಅಣುಗಳಿಗೆ ವಿದ್ಯುದಾವೇಶ ನೀಡಿ, ಅವುಗಳನ್ನೂ ಅವು ಒಡೆದಾಗ ಉಂಟಾಗುವ ತುಣುಕುಗಳನ್ನೂ ದ್ರವ್ಯರಾಶಿಯ ಆಧಾರದಿಂದ ಗುರುತಿಸುತ್ತದೆ. ಉದಾಹರಣೆಗೆ, ನಿಕೋಟಿನ್ ಅಣುವಿನ ದ್ರವ್ಯರಾಶಿ 162. ಎಲೆಕ್ಟ್ರಾನ್ ತಾಡನದಿಂದ ಅದನ್ನು ಒಡೆದಾಗ 84ರ ತುಣುಕು ಎಲ್ಲಕ್ಕಿಂತ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. 133 ಮತ್ತು 162ರ ಗುರುತುಗಳೂ ದೊರೆಯುತ್ತವೆ. ಈ ವಿನ್ಯಾಸವು ಹೊರಬರುವ ಸಮಯದೊಂದಿಗೆ ಹೊಂದಿಕೆಯಾದರೆ ಪದಾರ್ಥವನ್ನು ನಿಶ್ಚಯಿಸಬಹುದು.

ಉಪಕರಣ ಎಷ್ಟೇ ಸೂಕ್ಷ್ಮವಾಗಿದ್ದರೂ ಯಕೃತ್ತಿನ ಚೂರನ್ನು ಹಾಗೆಯೇ ಕ್ರೊಮಾಟೋಗ್ರಫಿ ಯಂತ್ರಕ್ಕೆ ಕೊಡಲಾಗುವುದಿಲ್ಲ. ಅಂಗಾಂಶದ ಕೊಬ್ಬು, ಪ್ರೋಟೀನು ಮತ್ತು ಲವಣಗಳು ಔಷಧದ ಸಂಕೇತವನ್ನು ಕುಗ್ಗಿಸುತ್ತವೆ. ಅಂಗಾಂಶವನ್ನು ಅರೆದು, ಪ್ರೋಟೀನನ್ನು ಹೆಪ್ಪುಗಟ್ಟಿಸಿ, ಆಮ್ಲ ಅಥವಾ ಕ್ಷಾರದಿಂದ ಹದಗೊಳಿಸಿ, ಸೂಕ್ತ ದ್ರಾವಕದಿಂದ ಔಷಧವನ್ನು ಹೊರತೆಗೆಯುವ ಕ್ರಮ ಇಂದಿಗೂ ಉಳಿದಿದೆ. ಈ ಹಂತದಲ್ಲಿ ಆಗುವ ನಷ್ಟವನ್ನು ಸರಿದೂಗಿಸಲು, ಡ್ಯೂಟೇರಿಯಂ ಸೇರಿಸಿ ತಯಾರಿಸಿದ ಅದೇ ಔಷಧವನ್ನು ಗೊತ್ತಾದ ಪ್ರಮಾಣದಲ್ಲಿ ಆರಂಭದಲ್ಲಿಯೇ ಬೆರೆಸಲಾಗುತ್ತದೆ. ತೆಳುವಾಗಿ ಕತ್ತರಿಸಿದ ಅಂಗಾಂಶದ ಪದರದ ಮೇಲೆ ಔಷಧವು ಎಲ್ಲೆಲ್ಲಿ ಹರಡಿದೆ ಎಂದು ನೇರವಾಗಿ ಚಿತ್ರಿಸುವ ಮಾಸ್ ಸ್ಪೆಕ್ಟ್ರೋಮೆಟ್ರಿ ವಿಧಾನಗಳೂ ಈಚಿನ ದಶಕಗಳಲ್ಲಿ ಬೆಳೆದಿವೆ.

ಫಲಿತಾಂಶವನ್ನು ಅರ್ಥೈಸುವಲ್ಲಿಯೂ ಎಚ್ಚರ ಅಗತ್ಯ. ಧೂಮಪಾನಿಯ ದೇಹದಲ್ಲಿ ನಿಕೋಟಿನ್ ಸಹಜವಾಗಿಯೇ ಇರುತ್ತದೆ. ಅದರ ಇರುವಿಕೆಯಷ್ಟರಿಂದ ವಿಷಪ್ರಾಶನ ಸಾಬೀತಾಗುವುದಿಲ್ಲ. ಮರಣಾನಂತರ ಕೆಲವು ಔಷಧಗಳು ಯಕೃತ್ತು, ಶ್ವಾಸಕೋಶಗಳಿಂದ ಹೃದಯದ ರಕ್ತಕ್ಕೆ ಹರಡುವುದರಿಂದ, ಮಾದರಿಯನ್ನು ದೇಹದ ಯಾವ ಭಾಗದಿಂದ ತೆಗೆಯಲಾಗಿದೆ ಎಂಬುದೂ ಮುಖ್ಯವಾಗುತ್ತದೆ.

## ಭಾರತ ಮತ್ತು ಕರ್ನಾಟಕದಲ್ಲಿ

ಬೊಕಾರ್ಮೆ ಪ್ರಕರಣಕ್ಕೆ ಒಂದು ವರ್ಷ ಮೊದಲು, 1849ರಲ್ಲಿ, ಮದ್ರಾಸಿನಲ್ಲಿ ಸರ್ಕಾರಿ ರಾಸಾಯನಿಕ ಪರೀಕ್ಷಕರ ಪ್ರಯೋಗಾಲಯ ಸ್ಥಾಪನೆಯಾಗಿತ್ತು. ಬಳ್ಳಾರಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳು ಅಂದು ಮದ್ರಾಸ್ ಪ್ರಾಂತಕ್ಕೆ ಸೇರಿದ್ದವು. ಮುಂದೆ ಕಲ್ಕತ್ತ, ಆಗ್ರಾ ಮತ್ತು ಮುಂಬಯಿಗಳಲ್ಲಿಯೂ ಇಂತಹ ಪ್ರಯೋಗಾಲಯಗಳು ಆರಂಭವಾದವು. ಪಾಷಾಣದ ಜೊತೆಗೆ ಉಮ್ಮತ್ತಿ, ವತ್ಸನಾಭಿ, ಕಾಸರಕ, ಅಫೀಮುಗಳ ಬಳಕೆಯೂ ಇದ್ದ ದೇಶದಲ್ಲಿ ಸಸ್ಯವಿಷಗಳನ್ನು ಬೇರ್ಪಡಿಸುವ ವಿಧಾನಕ್ಕೆ ವಿಶೇಷ ಮಹತ್ವವಿತ್ತು. ಭಾರತದ ವಿಷಶಾಸ್ತ್ರ ಪಠ್ಯಗಳಲ್ಲಿ ಸ್ಟಾಸ್-ಒಟ್ಟೊ ವಿಧಾನ ಇಂದಿಗೂ ಸ್ಥಾನ ಪಡೆದಿದೆ.

ಕರ್ನಾಟಕದಲ್ಲಿ ಈ ಪರೀಕ್ಷೆಗಳನ್ನು ಬೆಂಗಳೂರಿನ ಮಡಿವಾಳದಲ್ಲಿರುವ ರಾಜ್ಯ ವಿಧಿವಿಜ್ಞಾನ ಪ್ರಯೋಗಾಲಯ ಮತ್ತು ಕಲಬುರಗಿ, ಮೈಸೂರು, ದಾವಣಗೆರೆ, ಬೆಳಗಾವಿ, ಮಂಗಳೂರು ಮೊದಲಾದ ಕಡೆಗಳ ಪ್ರಾದೇಶಿಕ ಪ್ರಯೋಗಾಲಯಗಳು ನಡೆಸುತ್ತವೆ. ಸಸ್ಯವಿಷಗಳಿಗಿಂತ ಕೀಟನಾಶಕಗಳ ಪರೀಕ್ಷೆ ಈಗ ಮುಖ್ಯವಾಗಿದೆ. ರಾಯಚೂರು ಜಿಲ್ಲೆಯ ಮಾನ್ವಿ, ದೇವದುರ್ಗ, ಕಲ್ಲೂರು ಭಾಗಗಳಂತಹ ಹತ್ತಿ ಮತ್ತು ಭತ್ತ ಬೆಳೆಯುವ ಪ್ರದೇಶಗಳಲ್ಲಿ ಕೀಟನಾಶಕದ ಡಬ್ಬಿ ಹೊಲದಲ್ಲಿಯೂ ಮನೆಯಲ್ಲಿಯೂ ಕೈಗೆಟಕುವಂತಿರುತ್ತದೆ. ಅಲ್ಲಿ ಸಂಶಯಾಸ್ಪದ ಸಾವೊಂದು ಸಂಭವಿಸಿದಾಗ ಅದು ಆಕಸ್ಮಿಕವೋ ಆತ್ಮಹತ್ಯೆಯೋ ಕೊಲೆಯೋ ಎಂಬ ತನಿಖೆಗೆ ಪ್ರಯೋಗಾಲಯದ ವರದಿ ಬೇಕಾಗುತ್ತದೆ. ಮರಣೋತ್ತರ ಪರೀಕ್ಷೆಯಲ್ಲಿ ವೈದ್ಯರು ಜಠರ ಮತ್ತು ಸಣ್ಣ ಕರುಳಿನ ಭಾಗ, ಯಕೃತ್ತಿನ ಭಾಗ ಹಾಗೂ ಎರಡೂ ಮೂತ್ರಪಿಂಡಗಳ ಅರ್ಧರ್ಧವನ್ನು ಪ್ರತ್ಯೇಕ ಜಾಡಿಗಳಲ್ಲಿ ತೆಗೆದಿಡುತ್ತಾರೆ. ಸಾಮಾನ್ಯವಾಗಿ ಇವುಗಳನ್ನು ಅಡುಗೆ ಉಪ್ಪಿನ ಸಂತೃಪ್ತ ದ್ರಾವಣದಲ್ಲಿ ಸಂರಕ್ಷಿಸಿ, ಮೊಹರು ಮಾಡಿ ಪೊಲೀಸರಿಗೆ ಒಪ್ಪಿಸಲಾಗುತ್ತದೆ. ಸಂರಕ್ಷಕ ದ್ರಾವಣದಲ್ಲಿಯೇ ವಿಷದ ಅಂಶ ಇರಲಿಲ್ಲ ಎಂಬುದನ್ನು ತೋರಿಸಲು ಅದರ ಮಾದರಿಯನ್ನೂ ಬೇರೆಯಾಗಿ ಕಳುಹಿಸಲಾಗುತ್ತದೆ. ಸರ್ಕಾರಿ ವಿಜ್ಞಾನ ತಜ್ಞರ ವರದಿಯನ್ನು ಸಾಕ್ಷ್ಯವಾಗಿ ಸ್ವೀಕರಿಸಲು ದಂಡ ಪ್ರಕ್ರಿಯಾ ಸಂಹಿತೆಯ 293ನೆಯ ಕಲಮು ಅವಕಾಶ ನೀಡಿತ್ತು. ಈಗ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 329ನೆಯ ಕಲಮಿನಲ್ಲಿ ಅದೇ ಅವಕಾಶ ಮುಂದುವರಿದಿದೆ.

ಅಂಗಗಳು ಕೊಳೆಯದಂತೆ ಕಾಪಾಡಿ ಪ್ರಯೋಗಾಲಯಕ್ಕೆ ತಲುಪಿಸುವುದು, ವಿಷವನ್ನು ನಾಶವಾಗದಂತೆ ಬೇರ್ಪಡಿಸುವುದು, ಅದು ಯಾವುದೆಂದು ಗುರುತಿಸುವುದು – 1850ರ ಚಳಿಗಾಲದಲ್ಲಿ ಬ್ರಸೆಲ್ಸ್‌ನಲ್ಲಿ ಅನುಸರಿಸಿದ ಈ ಮೂರು ಹೆಜ್ಜೆಗಳ ಕ್ರಮ ಇಂದಿನ ಪರೀಕ್ಷೆಗಳಲ್ಲಿಯೂ ಬದಲಾಗಿಲ್ಲ.